ಮೆತ್ತನೆಯ ಮಾತಿಗೆ ಬಾಕಿ ಸಂಬಳ ಹುಟ್ಟದು

ಬಜ್ಪೆಯಿಂದ ದಮ್ಮಾಮಿಗೋ ರಿಯಾದಿಗೋ ಹೊರಟ ಹುಡುಗನಿಗೆ ಊರಿನವರು ಹೇಳಿ ಕಳಿಸುವ ಮಾತು ಹೆಚ್ಚುಕಡಿಮೆ ಒಂದೇ: "ಅಲ್ಲಿ ಯಾರ ಹತ್ರವೂ ಎದುರು ಮಾತಾಡ್ಲಿಕ್ಕೆ ಹೋಗ್ಬೇಡ ಮಾರಾಯ. ಸುಮ್ಮನೆ ನಾಲ್ಕು ವರ್ಷ ದುಡಿದು ಬಾ." ಇದೇ ಉಪದೇಶ ಈಗ ಕೋಟು ಟೈ ಹಾಕಿಕೊಂಡು ಬಂದಿದೆ. ಅಲ್ ಖೋಬರಿನ ಹೋಟೆಲ್ ಹಾಲುಗಳಲ್ಲಿ ಶುಕ್ರವಾರ ನಡೆಯುವ ವ್ಯಕ್ತಿತ್ವ ವಿಕಸನದ ತರಗತಿಗಳಲ್ಲಿ, ಮೊಬೈಲಿನಲ್ಲಿ ಓಡುವ ಒಂದು ನಿಮಿಷದ ವಿಡಿಯೋಗಳಲ್ಲಿ ಅದರ ಹೊಸ ಅವತಾರ ನೋಡಬಹುದು. ಗಟ್ಟಿಯಾಗಿ ನಿಲ್ಲಿ, ಆದರೆ ಜಗಳಗಂಟರಂತೆ ಕಾಣಿಸಬೇಡಿ. ದನಿ ತಗ್ಗಿಸಿ, ಮುಖದಲ್ಲಿ ನಗು ಇರಲಿ, 'ನೀವು ಮಾಡಿಲ್ಲ' ಅನ್ನುವ ಬದಲು 'ನನಗೆ ಹೀಗನಿಸುತ್ತದೆ' ಅನ್ನಿ, ಬಾಸ್‌ನ ಮೂಡ್ ನೋಡಿ ಬಾಯಿ ತೆರೆಯಿರಿ.

ಒಂದು ಸುಮ್ಮನಿರು ಅನ್ನುತ್ತದೆ, ಇನ್ನೊಂದು ಮಾತಾಡು ಅನ್ನುತ್ತದೆ. ಆದರೂ ಎರಡರ ಬೇರು ಒಂದೇ: ನಿನಗೆ ಸಲ್ಲಬೇಕಾದ್ದು ಸಲ್ಲದೇ ಹೋದರೆ ತಪ್ಪು ನಿನ್ನ ಗಂಟಲಿನದು. ಕೇಳಿದ ರೀತಿ ಸರಿಯಿದ್ದರೆ ಕೊಡುತ್ತಿದ್ದರು. ಈ ಮಾತನ್ನು ಕೊಲ್ಲಿ ಕನ್ನಡಿಗರಲ್ಲಿ ಬಹಳ ಮಂದಿ ನಂಬುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಮುಂದಿನವರಿಗೂ ದಾಟಿಸುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಸುಳ್ಳೂ ಸುಳ್ಳೇ. ಮೇಲಾಗಿ ಇದು ದುಬಾರಿ ಸುಳ್ಳು, ಅದರ ಬೆಲೆ ತೆರುವವನು ಯಾವಾಗಲೂ ಕೇಳುವವನೇ.

ಜುಬೈಲಿನ ಯಾವುದಾದರೂ ಪ್ರಾಜೆಕ್ಟ್ ಸೈಟಿನ ಪೋರ್ಟಾ ಕ್ಯಾಬಿನ್ನಿನಲ್ಲಿ ಬೆಳಗಿನ ಮೀಟಿಂಗಿಗೆ ಕೂತು ನೋಡಿ. ಕನ್ಸಲ್ಟೆಂಟ್ ಕಂಪನಿಯ ಬ್ರಿಟಿಷ್ ಮ್ಯಾನೇಜರ್ ಮೇಜು ಕುಟ್ಟಿ, ಈ ಡ್ರಾಯಿಂಗಿಗೆ ನಾನು ಸಹಿ ಹಾಕುವುದಿಲ್ಲ ಅನ್ನುತ್ತಾನೆ. ನೇರ ಮನುಷ್ಯ ಎಂದು ಎಲ್ಲರೂ ತಲೆದೂಗುತ್ತಾರೆ. ಸೌದಿ ಇಂಜಿನಿಯರ್ ಮುದೀರನ, ಅಂದರೆ ಮೇಲಧಿಕಾರಿಯ, ಜೊತೆ ಹತ್ತು ನಿಮಿಷ ಏರುದನಿಯಲ್ಲಿ ವಾದ ಮಾಡುತ್ತಾನೆ, ಮುಗಿದ ಮೇಲೆ ಇಬ್ಬರೂ ಗಾವಾ ಕಾಫಿ ಕುಡಿಯುತ್ತಾರೆ. ಕೊನೆಗೆ ಕುಂದಾಪುರ ಕಡೆಯ ಸೂಪರ್‌ವೈಸರ್ ಎಲ್ಲರಿಗಿಂತ ಮೆತ್ತಗೆ, ಎರಡು ಸಲ 'ಸರ್' ಸೇರಿಸಿ, ಹೋದ ತಿಂಗಳ ಓವರ್‌ಟೈಮಿನಲ್ಲಿ ಹದಿನೆಂಟು ಗಂಟೆ ಬಿಟ್ಟುಹೋಗಿದೆ ಅನ್ನುತ್ತಾನೆ. ಅಂದಿನಿಂದ ಅವನು 'ಮುಶ್ಕಿಲ್', ಅಂದರೆ ತಲೆನೋವಿನ ಆಸಾಮಿ. ಮೂವರಲ್ಲಿ ದನಿ ಎತ್ತದವನು ಅವನೊಬ್ಬನೇ, ಜಗಳಗಂಟ ಅನ್ನಿಸಿಕೊಂಡವನೂ ಅವನೊಬ್ಬನೇ.

ಹಾಗಾದರೆ ದನಿಯ ಏರಿಳಿತ ಅಳೆಯುವ ಈ ಪಾಠದಿಂದ ಅವನಿಗೇನು ಸಿಕ್ಕಿತು? ಮೂವರ ನಡುವಿನ ವ್ಯತ್ಯಾಸ ಮಾತಿನಲ್ಲಿ ಇಲ್ಲವೇ ಇಲ್ಲ. ನಾಳೆ ಕೆಲಸ ಬಿಟ್ಟರೆ ಏನಾಗುತ್ತದೆ ಅನ್ನುವುದರಲ್ಲಿದೆ. ಬ್ರಿಟಿಷನಿಗೆ ದುಬೈಯಲ್ಲೋ ದೋಹಾದಲ್ಲೋ ಇನ್ನೊಂದು ಕೆಲಸ ಕಾದಿರುತ್ತದೆ. ಸೌದಿಯವನದು ಸ್ವಂತ ದೇಶ. ಕುಂದಾಪುರದವನ ಇಕಾಮಾ, ಅಂದರೆ ವಾಸದ ಪರವಾನಗಿ, ಕಂಪನಿಯ ಹೆಸರಿನಲ್ಲಿದೆ. 2021ರ ಮಾರ್ಚ್ 14ರಂದು ನಿಯಮ ಸುಧಾರಣೆಯಾಗುವ ತನಕ ಅವನು ಬೇರೆ ಕಂಪನಿಗೆ ಹೋಗಬೇಕಾದರೂ, ರಜೆಗೆ ಊರಿಗೆ ಬರಬೇಕಾದರೂ, ಪೂರ್ತಿ ಖುರೂಜ್ (ದೇಶ ಬಿಡುವ ಪರವಾನಗಿ) ಹೊಡೆಸಿಕೊಂಡು ಮರಳಬೇಕಾದರೂ ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ, ಒಪ್ಪಿಗೆ ಬೇಕಿತ್ತು. ಮುನಿದ ಕಫೀಲ ಕಂಪ್ಯೂಟರಿನಲ್ಲಿ 'ಹುರೂಬ್' ಎಂದು ದಾಖಲಿಸಿದರೆ, ಕೆಲಸದಲ್ಲೇ ಇದ್ದವನೂ ಕಾಗದದ ಮೇಲೆ ಓಡಿಹೋದವನಾಗಿಬಿಡುತ್ತಿದ್ದ. ಬಿಟ್ಟು ಹೋಗಬಲ್ಲವನ ಗಟ್ಟಿ ಮಾತು ನೇರನುಡಿ. ಬಿಟ್ಟು ಹೋಗಲಾಗದವನ ಪಿಸುಮಾತೂ ಉದ್ಧಟತನ. ಇದು ಸ್ವಭಾವದ ಪ್ರಶ್ನೆಯೇ ಅಲ್ಲ, ಯಾರ ಕೈಯಲ್ಲಿ ಯಾರ ಕಾಗದವಿದೆ ಅನ್ನುವ ಪ್ರಶ್ನೆ.

ಇದು ಪರದೇಶಿಗಳ ಪಾಡು ಮಾತ್ರ ಎಂದುಕೊಳ್ಳಬೇಕಿಲ್ಲ. ಆ ನೆಲದವರೇ ಇದನ್ನು ಎಪ್ಪತ್ತು ವರ್ಷಗಳ ಹಿಂದೆ ಉಂಡಿದ್ದಾರೆ. 1953ರಲ್ಲಿ ಧಹ್ರಾನಿನ ಅರಾಮ್ಕೊ ತೈಲ ಕಂಪನಿಯ ಸೌದಿ ಕಾರ್ಮಿಕರು ಸಂಬಳ, ವಸತಿ, ಅಮೆರಿಕನ್ನರಿಗೂ ತಮಗೂ ನಡುವಿನ ತಾರತಮ್ಯದ ಬಗ್ಗೆ ಮೊದಲು ಮಾಡಿದ ಕೆಲಸ ಒಂದು ಅರ್ಜಿ ಬರೆದದ್ದು. ಅರ್ಜಿಗಿಂತ ಮೆತ್ತನೆಯ ಆಯುಧ ಜಗತ್ತಿನಲ್ಲಿ ಯಾವುದಿದೆ? ಅಕ್ಟೋಬರಿನಲ್ಲಿ ಮುಂದಾಳುಗಳ ಬಂಧನವಾಯಿತು. ಆಮೇಲೆ ಸುಮಾರು 13 ಸಾವಿರ ಮಂದಿ ಕೆಲಸ ನಿಲ್ಲಿಸಿದರು. ಕಂಪನಿ ಸಂಬಳ, ಸೌಲಭ್ಯ ಹೆಚ್ಚಿಸಿದ್ದು ಅದರ ನಂತರ. 1956ರಲ್ಲಿ ರಾಜಾಜ್ಞೆ ಹೊರಟು ಮುಷ್ಕರವೇ ನಿಷಿದ್ಧವಾಯಿತು. ಅಂದು ಅಪರಾಧವಾಗಿ ಕಂಡದ್ದು ಕಾರ್ಮಿಕರ ದನಿ ಎಂದು ಹೇಳಲು ಬಾರದು, ಯಾಕೆಂದರೆ ಅರ್ಜಿಗೆ ದನಿಯಿಲ್ಲ. ಕೇಳಿದ್ದೇ ಅಪರಾಧವಾಗಿತ್ತು.

ಇನ್ನು, ತಾಳ್ಮೆಯಿಂದ ಇದ್ದವರಿಗೆ ಏನು ಸಿಕ್ಕಿತು ಎಂದು ನೋಡೋಣ. 2016 ನಮ್ಮ ಜನ ಮರೆಯಬಾರದ ವರ್ಷ. ತೈಲದ ಬೆಲೆ ಬಿದ್ದು ಸರ್ಕಾರದ ಕಾಮಗಾರಿಗಳ ಹಣ ನಿಂತಿತು, ಸೌದಿ ಓಜರ್‌ನಂಥ ದೈತ್ಯ ಕಂಪನಿ ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. ಕ್ಯಾಂಪುಗಳಲ್ಲಿ ಸಾವಿರಾರು ಭಾರತೀಯರು 'ಬುಕ್ರಾ, ಇನ್ಶಾ ಅಲ್ಲಾ' (ನಾಳೆ, ದೇವರಿಚ್ಛೆಯಿದ್ದರೆ) ಎಂಬ ಮಾತು ಕೇಳುತ್ತ ಕಾದರು. ಯಾರೂ ಅವರನ್ನು ಜಗಳಗಂಟರು ಅನ್ನಲಿಲ್ಲ, ಯಾರೂ ಸಂಬಳವನ್ನೂ ಕೊಡಲಿಲ್ಲ. ಜುಲೈ ಕೊನೆಗೆ ಅನ್ನಕ್ಕೇ ತತ್ವಾರವಾದಾಗ ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಟ್ವಿಟರಿನಲ್ಲಿ ಸಹಾಯಕ್ಕೆ ಕರೆ ಕೊಟ್ಟರು, ಜೆದ್ದಾದ ಕಾನ್ಸುಲೇಟ್ ಮತ್ತು ಅಲ್ಲಿನ ಭಾರತೀಯರು ಅಕ್ಕಿ ಬೇಳೆ ಹೊತ್ತು ಕ್ಯಾಂಪುಗಳಿಗೆ ಹೋದರು, ಸಚಿವ ವಿ.ಕೆ. ಸಿಂಗ್ ಸೌದಿಗೆ ಹಾರಿದರು. ಅದೇ ವರ್ಷದ ವಸಂತದಲ್ಲಿ ಬಿನ್ ಲಾದಿನ್ ಗ್ರೂಪ್ ಎಂಬ ನಿರ್ಮಾಣ ಕಂಪನಿಯ ಸಂಬಳ ಕಾಣದ ಕಾರ್ಮಿಕರು ಮಕ್ಕಾದಲ್ಲಿ ಕಂಪನಿಯ ಬಸ್ಸುಗಳಿಗೆ ಬೆಂಕಿ ಇಟ್ಟಿದ್ದರು. ಮುಂದಿನ ಜನವರಿಯಲ್ಲಿ ಹತ್ತಾರು ಮಂದಿಗೆ ಜೈಲಾಯಿತು, ಕೆಲವರಿಗೆ ಛಡಿಯೇಟೂ ಬಿತ್ತು. ಬೆಂಕಿ ಇಟ್ಟದ್ದು ತಪ್ಪು, ವಾದವಿಲ್ಲ. ಆದರೆ ಆ ಬೆಂಕಿಗೆ ಉರುವಲು ಒದಗಿಸಿದ್ದು ತಿಂಗಳುಗಟ್ಟಲೆಯ ಅದೇ ತಾಳ್ಮೆ. ಸಮಯಕ್ಕೆ ಸರಿಯಾಗಿ, ಸರಿಯಾದ ಜಾಗದಲ್ಲಿ ಗಟ್ಟಿಯಾಗಿ ಕೇಳಲು ದಾರಿ ಇಲ್ಲದಾಗ ಮೆತ್ತಗಿನವನೇ ಒಂದು ದಿನ ಸಿಡಿಯುತ್ತಾನೆ. ವಿನಯದ ಪಾಠ ಆಕ್ರೋಶವನ್ನು ತಡೆಯುವುದಿಲ್ಲ, ಮುಂದೂಡುತ್ತದೆ, ಬಡ್ಡಿ ಸೇರಿಸುತ್ತದೆ.

ಓಜರ್ ಬಾಕಿಯ ಕತೆ ಅಲ್ಲಿಗೇ ಮುಗಿಯಲಿಲ್ಲ. 2022ರ ನವೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ಅಧ್ಯಕ್ಷ ಮಾರ್ಕೋಸ್ ಸೌದಿ ಯುವರಾಜನನ್ನು ಭೇಟಿಯಾದರು. ಆ ಭೇಟಿಯಲ್ಲಿ ಸುಮಾರು 10 ಸಾವಿರ ಫಿಲಿಪಿನೊ ಕಾರ್ಮಿಕರ ಹಳೆಯ ಬಾಕಿಗಾಗಿ 200 ಕೋಟಿ ರಿಯಾಲ್ ತೆಗೆದಿಡುವ ಭರವಸೆ ಸಿಕ್ಕಿತು. ಹಣ ಕೈಸೇರತೊಡಗಿದ್ದು 2024ರಲ್ಲಿ. ಅವರು ಯಾವ ದನಿಯಲ್ಲಿ ಕೇಳಿದರು ಎಂದು ಯಾರೂ ವಿಚಾರಿಸಲಿಲ್ಲ. ಅವರ ಬಾಕಿಗೆ ದಾಖಲೆಯಿತ್ತು, ಬೆನ್ನಿಗೆ ಅವರ ಸರ್ಕಾರ ನಿಂತಿತ್ತು. ನಮ್ಮ ಸರ್ಕಾರ ಕೊರೊನಾ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಕೊಲ್ಲಿಗೆ ಹೋಗುವವರ ಕನಿಷ್ಠ ಸಂಬಳದ ಮಿತಿಯನ್ನೇ ಇಳಿಸಿ ಸುತ್ತೋಲೆ ಹೊರಡಿಸಿತು. ವಲಸೆ ಕಾರ್ಮಿಕರ ಪರವಾಗಿ ತೆಲಂಗಾಣ ಹೈಕೋರ್ಟಿನಲ್ಲಿ ಅರ್ಜಿ ಬಿದ್ದ ಮೇಲೆ, 2021ರಲ್ಲಿ, ಅದನ್ನು ಹಿಂತೆಗೆದುಕೊಂಡಿತು. ಅಲ್ಲೂ ಕೆಲಸ ಮಾಡಿದ್ದು ಅರ್ಜಿ, ನಗುಮುಖವಲ್ಲ.

ಈಗ ಎದುರಾಳಿಗಳ ವಾದಕ್ಕೆ ಬರೋಣ. ಮೊದಲನೆಯದು, ಅದು ಅರಬರ ಸಂಸ್ಕೃತಿ, ಅವರಿಗೆ ಎದುರು ಮಾತು ಆಗುವುದಿಲ್ಲ ಎಂಬುದು. ಮಜ್ಲಿಸಿನಲ್ಲಿ, ಅಂದರೆ ದರ್ಬಾರಿನಲ್ಲಿ, ದೊರೆಯ ಮುಂದೆ ಕೂತ ಮರಳುಗಾಡಿನ ಅಲೆಮಾರಿ ಬದು ಅವನನ್ನು ಹೆಸರು ಹಿಡಿದು ಕರೆದು ತನ್ನ ದೂರು ಹೇಳುತ್ತಿದ್ದ ಸಂಪ್ರದಾಯ ಆ ನಾಡಿನದೇ. ಪೇಟೆಯ ಸೂಕಿನಲ್ಲಿ ಒಂದು ರಿಯಾಲಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಜನ ಎದುರು ಮಾತಿಗೆ ಹೆದರುವವರಲ್ಲ. ಹತ್ತು ಮಂದಿಯ ಮುಂದೆ ಮುಖಭಂಗ ಮಾಡಬಾರದು ಎಂಬುದು ನಿಜ. ಅದು ಮಂಗಳೂರಿನ ಬಂದರಿನಲ್ಲೂ ಹುಬ್ಬಳ್ಳಿಯ ಗಿರಣಿಯಲ್ಲೂ ನಿಜ. ಸಂಸ್ಕೃತಿಯ ಹೆಸರಿನಲ್ಲಿ ನಾವು ಮುಚ್ಚಿಡುತ್ತಿರುವುದು ಅಧಿಕಾರವನ್ನು. ಹಾಗಿಲ್ಲದಿದ್ದರೆ, ಸಂಬಳ ಹಿಡಿದಿಟ್ಟ ಕಂಪನಿಯ ಅಕೌಂಟೆಂಟ್ ನಮ್ಮವನೇ ಆಗಿರುವಾಗಲೂ ಕೇಳುವವನ ಗಂಟಲು ಯಾಕೆ ಒಣಗುತ್ತದೆ?

ಎರಡನೆಯದು, ನಾವು ಅಲ್ಲಿ ಅತಿಥಿಗಳು ಎಂಬ ವಾದ. ಅತಿಥಿಯನ್ನು 48 ಡಿಗ್ರಿ ಬಿಸಿಲಿನಲ್ಲಿ ಸ್ಕ್ಯಾಫೋಲ್ಡಿಂಗ್ ಹತ್ತಿಸುವುದಿಲ್ಲ. ಅಲ್ಲಿರುವ 25 ಲಕ್ಷದಷ್ಟು ಭಾರತೀಯರು ಕರಾರಿಗೆ ಸಹಿ ಹಾಕಿ ದುಡಿಯಲು ಹೋದವರು. ಕರಾರಿಗೆ ಎರಡು ಪಕ್ಷಗಳಿರುತ್ತವೆ, ಆತಿಥ್ಯಕ್ಕೆ ಒಂದೇ. ತನ್ನನ್ನು ಅತಿಥಿ ಎಂದುಕೊಂಡವನು ಸಂಬಳವನ್ನು ಉಪಕಾರ ಎಂದುಕೊಳ್ಳುತ್ತಾನೆ, ಸಿಗದಿದ್ದರೆ ಹಣೆಬರಹ ಅನ್ನುತ್ತಾನೆ.

ಮೂರನೆಯದು ಗಟ್ಟಿ ವಾದ. ಅಲ್ಲಿ ಯೂನಿಯನ್ ಇಲ್ಲ, ಮುಷ್ಕರ ಮಾಡುವಂತಿಲ್ಲ, ಘೋಷಣೆ ಕೂಗುವಂತಿಲ್ಲ. ಬಾಯಿ ಬಿಟ್ಟರೆ ಇನ್ನೇನಿದೆ, ಅದನ್ನಾದರೂ ಜಾಣತನದಿಂದ ಬಳಸಬೇಡವೇ? ಇದಕ್ಕೆ ನನ್ನ ಉತ್ತರ: ಬಾಯಿಗಿಂತ ಬಲವಾದ ಇನ್ನೊಂದು ವಸ್ತು ಇದೆ, ಅದನ್ನು ನಾವು ಓದುವುದೇ ಇಲ್ಲ. 2005ರ ರಾಜಾಜ್ಞೆಯಿಂದ ಜಾರಿಗೆ ಬಂದ ಸೌದಿ ಕಾರ್ಮಿಕ ಕಾಯ್ದೆಯ 61ನೇ ವಿಧಿ ತೆರೆದು ನೋಡಿ. ಮಾಲೀಕ ಕೆಲಸಗಾರರನ್ನು ಗೌರವದಿಂದ ನಡೆಸಿಕೊಳ್ಳಬೇಕು, ಅವರ ಘನತೆಗೆ, ಧರ್ಮಕ್ಕೆ ಕುಂದು ತರುವ ಮಾತು, ನಡತೆ ಕೂಡದು ಎನ್ನುತ್ತದೆ ಅದು. ಕೆಲಸಗಾರನೂ ಸಭ್ಯವಾಗಿ ನಡೆದುಕೊಳ್ಳಬೇಕು ಎಂದು 65ನೇ ವಿಧಿ ಹೇಳುತ್ತದೆ. ಕಾಯ್ದೆ ಮರ್ಯಾದೆಯ ಹೊಣೆಯನ್ನು ಇಬ್ಬರಿಗೂ ಹಂಚಿದೆ. ನಮ್ಮ ತರಗತಿಗಳು ಮಾತ್ರ ಪೂರ್ತಿ ಮೂಟೆಯನ್ನು ಕೆಲಸಗಾರನ ತಲೆಗೆ ಹೊರಿಸುತ್ತವೆ. ನೋಟಿಸಿಲ್ಲದೆ ಕಿತ್ತುಹಾಕಬಹುದಾದ ಕಾರಣಗಳನ್ನು 80ನೇ ವಿಧಿ ಪಟ್ಟಿ ಮಾಡುತ್ತದೆ. ಮೇಲಧಿಕಾರಿಯ ಮೇಲೆ ಹಲ್ಲೆ ಅದರಲ್ಲಿದೆ. ಓವರ್‌ಟೈಮ್ ಲೆಕ್ಕ ಕೇಳಿದ್ದು ಅದರಲ್ಲಿಲ್ಲ.

ಅದೇ ಓವರ್‌ಟೈಮನ್ನು ತೆಗೆದುಕೊಳ್ಳಿ. ಮೀಟಿಂಗಿನಲ್ಲಿ ಕೈ ಹೊಸೆಯುತ್ತ ಕೇಳುವ ಬದಲು ಆ ಸೂಪರ್‌ವೈಸರ್ ನಾಲ್ಕು ಸಾಲಿನ ಇಮೇಲ್ ಬರೆದ ಎಂದಿಟ್ಟುಕೊಳ್ಳಿ: "ಮಾನ್ಯರೇ, ಮೇ ತಿಂಗಳಲ್ಲಿ ನಾನು 18 ಗಂಟೆ ಹೆಚ್ಚುವರಿ ದುಡಿದಿದ್ದೇನೆ. ಸಹಿಯಾದ ಟೈಮ್‌ಶೀಟ್ ಲಗತ್ತಿಸಿದ್ದೇನೆ. ಕಾರ್ಮಿಕ ಕಾಯ್ದೆಯ 107ನೇ ವಿಧಿಯಂತೆ ಇದರ ಮೊತ್ತವನ್ನು ಜೂನ್ ಸಂಬಳದಲ್ಲಿ ಸೇರಿಸಬೇಕೆಂದು ಕೋರುತ್ತೇನೆ." ಇದರಲ್ಲಿ ಬೇಡಿಕೊಂಡದ್ದಿಲ್ಲ, ಬೆದರಿಸಿದ್ದೂ ಇಲ್ಲ. ಗಂಟೆಯ ಸಂಬಳದ ಮೇಲೆ ಮೂಲ ವೇತನದ ಅರ್ಧ ಸೇರಿಸಿ ಕೊಡಬೇಕು ಎಂಬುದು ಆ ವಿಧಿ. ಓದಿದವನಿಗೆ ಕೋಪ ಬಂದರೂ ಉತ್ತರ ಕೊಡಬೇಕಾದ್ದು ಲೆಕ್ಕಕ್ಕೆ. ತರಗತಿಗಳಲ್ಲಿ ತಿಂಗಳುಗಟ್ಟಲೆ ಹುಡುಕುವ 'ಗಟ್ಟಿ, ಆದರೆ ಜಗಳವಲ್ಲ' ಎಂಬ ದನಿ ತಾನಾಗಿ ಹುಟ್ಟುವುದು ಇಲ್ಲಿ. ತಾರೀಖು, ಅಂಕಿ, ವಿಧಿ ಮೂರೂ ಕೈಯಲ್ಲಿದ್ದವನಿಗೆ ದನಿ ಎತ್ತುವ ಅಗತ್ಯವೇ ಬೀಳುವುದಿಲ್ಲ.

ಈ ಮೂರೂ ಇಲ್ಲದೆ ಬರೀ ಸೌಜನ್ಯವಿದ್ದರೆ ಏನಾಗುತ್ತದೆ ಎಂದು ನೋಡಲು ಕೆಲಸ ಬಿಡುವ ದಿನದ ಕಂಪನಿ ಆಫೀಸಿಗೆ ಹೋಗಬೇಕು. ಮೇಜಿನ ಮೇಲೆ ಅರಬ್ಬಿಯಲ್ಲಿ ಒಂದು ಹಾಳೆ, ಮುಖಾಲಸ: ನನಗೆ ಬರಬೇಕಾದ್ದೆಲ್ಲ ಬಂದಿದೆ, ಇನ್ನು ತಕರಾರಿಲ್ಲ. ಮೊತ್ತದ ಜಾಗ ಎಷ್ಟೋ ಸಲ ಖಾಲಿ. ಎದುರು ಕೂತ ಗುಮಾಸ್ತ ಊರಿನ ಕಡೆಯವನೇ, ಚಾ ತರಿಸಿದ್ದಾನೆ, ಪಾಸ್‌ಪೋರ್ಟ್ ಮತ್ತು ಟಿಕೆಟ್ ಅವನ ಕೈ ಕೆಳಗಿವೆ. "ಹಾಕಿ ಮಾರಾಯ್ರೇ, ಫಾರ್ಮಾಲಿಟಿ." ಏಳು ವರ್ಷ ದುಡಿದವನು ಮುಖ ಕೆಡಿಸಿಕೊಳ್ಳುವುದು ಬೇಡ ಎಂದು ಹಾಕುತ್ತಾನೆ. ಅವನ ಸಂಬಳ 2,000 ರಿಯಾಲ್ ಎಂದರೆ, 84ನೇ ವಿಧಿಯಂತೆ ಮೊದಲ ಐದು ವರ್ಷಗಳಿಗೆ ತಲಾ ಅರ್ಧ ತಿಂಗಳ ಸಂಬಳ, ಆಮೇಲಿನ ಎರಡು ವರ್ಷಗಳಿಗೆ ತಲಾ ಪೂರಾ ತಿಂಗಳ ಸಂಬಳ, ಒಟ್ಟು 9,000 ರಿಯಾಲ್ ಸರ್ವಿಸ್ ಹಣ ಬರಬೇಕು. ತಾನೇ ರಾಜೀನಾಮೆ ಕೊಟ್ಟಿದ್ದರೂ ಅದರ ಮೂರರಲ್ಲಿ ಎರಡು ಪಾಲು, 6,000. ಅರ್ಧ ಕಪ್ ಚಾದ ದಾಕ್ಷಿಣ್ಯಕ್ಕೆ ಇಷ್ಟು ಹೋಗುತ್ತದೆ. ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವುದೇ ಕಾನೂನುಬಾಹಿರ, ಇಕಾಮಾ ಶುಲ್ಕವನ್ನೂ ವಾಪಸಾತಿಯ ಟಿಕೆಟನ್ನೂ ಮಾಲೀಕನೇ ಭರಿಸಬೇಕು ಎಂದು 40ನೇ ವಿಧಿ ಹೇಳುತ್ತದೆ, ಕೆಲಸ ಬಿಟ್ಟ 12 ತಿಂಗಳೊಳಗೆ ದಾವೆ ಹೂಡಬಹುದು. ಇದ್ಯಾವುದನ್ನೂ ಅವನಿಗೆ ಯಾರೂ ಹೇಳಿರುವುದಿಲ್ಲ. ನಗುನಗುತ್ತ ಮಾತಾಡು ಎಂದು ಮಾತ್ರ ಹೇಳಿರುತ್ತಾರೆ.

ಕಾನೂನು ಕಾಗದದ ಮೇಲೆ ಚೆಂದ, ಜಾರಿಗೆ ಬರಬೇಕಲ್ಲ ಅನ್ನುವವರಿದ್ದಾರೆ. ಒಪ್ಪುತ್ತೇನೆ. ಜಾರಿಯಾಗದ್ದು ಬೇಕಾದಷ್ಟಿದೆ. ಆದರೂ 2018ರಿಂದ ಕಾರ್ಮಿಕ ನ್ಯಾಯಾಲಯಗಳು ನ್ಯಾಯ ಇಲಾಖೆಯ ಕೆಳಗೆ ಕೆಲಸ ಮಾಡುತ್ತಿವೆ, ಅಲ್ಲಿಗೆ ಹೋಗುವ ಮೊದಲು 21 ದಿನಗಳ ರಾಜಿ ಪಂಚಾಯ್ತಿಯ ಹಂತವಿದೆ. ಸಂಬಳ ಬ್ಯಾಂಕಿಗೇ ಬೀಳಬೇಕೆಂಬ ವೇತನ ರಕ್ಷಣಾ ವ್ಯವಸ್ಥೆ 2013ರಿಂದ ಹಂತಹಂತವಾಗಿ ಬಂದಿದೆ. 2021ರ ಸುಧಾರಣೆಯ ಮೇಲೆ, ಒಂದು ವರ್ಷ ಮುಗಿಸಿದವನು ಕಫೀಲನ ಒಪ್ಪಿಗೆಯಿಲ್ಲದೆ ಬೇರೆ ಕಂಪನಿಗೆ ಹೋಗಬಹುದು, ಮೂರು ತಿಂಗಳು ಸಂಬಳ ನಿಂತರೆ ಅದಕ್ಕೂ ಮೊದಲೇ ಹೋಗಬಹುದು. 2025ರ ಫೆಬ್ರುವರಿಯ ತಿದ್ದುಪಡಿಯಂತೆ, ರಾಜೀನಾಮೆಗೆ 30 ದಿನ ಉತ್ತರ ಬಾರದಿದ್ದರೆ ಅದು ಅಂಗೀಕಾರವಾದಂತೆ. ನಿಯಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಸ್ಥಳೀಯ ಹೆಂಗಸರ ವಿಷಯ ನೋಡಿ. ಹತ್ತು ವರ್ಷಗಳ ಹಿಂದೆ ದುಡಿಯುವ ಸೌದಿ ಹೆಂಗಸರ ಪ್ರಮಾಣ ಶೇ 20ರ ಆಸುಪಾಸಿನಲ್ಲಿತ್ತು, ಈಗ ಶೇ 30 ದಾಟಿದೆ. 2018ರ ಜೂನಿನಲ್ಲಿ ಅವರಿಗೆ ಕಾರು ಓಡಿಸುವ ಹಕ್ಕು ಬಂತು, 2019ರಲ್ಲಿ ಉದ್ಯೋಗದಲ್ಲಿ ಲಿಂಗಭೇದ ಸಲ್ಲದೆಂಬ ತಿದ್ದುಪಡಿ ಬಂತು. ಇವತ್ತು ರಿಯಾದಿನ ಆಫೀಸುಗಳಲ್ಲಿ ಅವರು ಮ್ಯಾನೇಜರುಗಳಾಗಿ ಖಡಾಖಂಡಿತ ಮಾತಾಡುತ್ತಾರೆ. ಅವರ ಅಮ್ಮಂದಿರಿಗೆ ಮಾತಾಡಲು ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿಯಾರೇ? ಬದಲಾದದ್ದು ನಾಲಿಗೆಯಲ್ಲ, ನಿಯಮ.

ಇದಕ್ಕೆ ತಿರುಗುಮುರುಗಾದ ಸಾಕ್ಷಿ ಬೇಕಿದ್ದರೆ ಹೌಸ್ ಡ್ರೈವರನ್ನು ನೋಡಿ. ಮನೆಗೆಲಸದವರು, ಮನೆಯ ಡ್ರೈವರು, ತೋಟದವರು, ಕುರಿ ಒಂಟೆ ಕಾಯುವವರು 2021ರ ಆ ಸುಧಾರಣೆಗೆ ಹೊರಗು. ಮನೆಯಾಳುಗಳಿಗೆ ಕಾರ್ಮಿಕ ಕಾಯ್ದೆಯೂ ಅನ್ವಯಿಸುವುದಿಲ್ಲ. ಅವರಿಗಾಗಿ 2013ರಲ್ಲಿ ಪ್ರತ್ಯೇಕ ನಿಯಮ ಬಂತು. ದಿನಕ್ಕೆ 9 ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ ಎಂದು ಅದರಲ್ಲಿತ್ತು. ಆದರೆ ಮನೆಯ ಗೇಟಿನೊಳಗೆ ಅದನ್ನು ನೋಡಿಕೊಳ್ಳುವವರಾರು? ರಾತ್ರಿ ಎರಡಕ್ಕೆ ಮಕ್ಕಳಿಗೆ ಬರ್ಗರ್ ತರಲು ಎದ್ದು, ಬೆಳಿಗ್ಗೆ ಆರಕ್ಕೆ ಶಾಲೆಗೆ ಬಿಡುವ ಡ್ರೈವರಿಗಿಂತ ವಿನಯವಂತನನ್ನು ನಾನು ಕಂಡಿಲ್ಲ. ವಿನಯಕ್ಕೆ ತೂಕವಿದ್ದಿದ್ದರೆ ಕೊಲ್ಲಿಯಲ್ಲಿ ಅತಿ ಸುಖವಾಗಿರಬೇಕಾದವನು ಅವನು. ಅದೇ ಮನುಷ್ಯ, ಅದೇ ಸ್ವಭಾವ ಇಟ್ಟುಕೊಂಡು ಕಂಪನಿ ವೀಸಾಕ್ಕೆ ಬದಲಾದರೆ ಒಂದೇ ವರ್ಷದಲ್ಲಿ ಬೆನ್ನು ನೆಟ್ಟಗಾಗುತ್ತದೆ.

ಹಾಗೆಂದು ಕೂಗಾಡಿ ಎಂದು ನಾನು ಹೇಳುತ್ತಿಲ್ಲ. ಬೈಗುಳಕ್ಕೆ ಅಲ್ಲಿ ಶಿಕ್ಷೆಯಿದೆ. ಮುದೀರನ ಮಾತನ್ನು ಗುಟ್ಟಾಗಿ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದವನು 2007ರ ಸೈಬರ್ ಅಪರಾಧ ಕಾಯ್ದೆಯಡಿ ಸಿಕ್ಕಿಬೀಳಬಹುದು, ಆಗ ಬಾಕಿ ಸಂಬಳದ ಕೇಸು ಹೋಗಿ ಅವನ ಮೇಲಿನ ಕೇಸು ಉಳಿಯುತ್ತದೆ. ಊರಿನ ಟಿವಿಯಲ್ಲಿ ಅಳುವ ವಿಡಿಯೋ ಓಡಿದರೆ ಒಂದು ದಿನದ ಮರುಕ ಸಿಗಬಹುದು, ದಾಖಲೆ ಸಿಗುವುದಿಲ್ಲ. ಕೂಗಾಟ ಮತ್ತು ತಲೆತಗ್ಗಿಸುವಿಕೆ ಎರಡೂ ಒಂದೇ ಅಜ್ಞಾನದ ಮಕ್ಕಳು. ತನಗೆ ಏನು ಸಲ್ಲಬೇಕೆಂದು ಗೊತ್ತಿಲ್ಲದವನು ಮೊದಲು ಬೇಡುತ್ತಾನೆ, ಆಮೇಲೆ ಬೈಯುತ್ತಾನೆ.

ಆದ್ದರಿಂದ ದಮ್ಮಾಮು, ಜುಬೈಲು, ಜೆದ್ದಾದ ನಮ್ಮ ಸಂಘಗಳಿಗೆ ಒಂದು ಮಾತು. ರಾಜ್ಯೋತ್ಸವಕ್ಕೆ ಊರಿನಿಂದ ಭಾಷಣಕಾರರನ್ನು ಕರೆಸಿ ಆತ್ಮವಿಶ್ವಾಸದ ಪಾಠ ಹೇಳಿಸುವ ಹಣದಲ್ಲಿ ಅರಬ್ಬಿ ಬಲ್ಲ ಒಬ್ಬನನ್ನೂ ಕಾಯ್ದೆ ಬಲ್ಲ ಒಬ್ಬನನ್ನೂ ಕ್ಯಾಂಪಿಗೆ ಕರೆದುಕೊಂಡು ಹೋಗಿ. ಬಂದವರೆಲ್ಲ ಮೊಬೈಲಿನಲ್ಲಿ ಸೌದಿ ಸರ್ಕಾರದ ಕಿವಾ ತಾಣ ತೆರೆದು ತಮ್ಮ ಕರಾರು ದಾಖಲಾಗಿದೆಯೇ, ಅದರಲ್ಲಿ ಸಂಬಳ ಎಷ್ಟೆಂದಿದೆ, ಏಜೆಂಟ್ ಮಂಗಳೂರಿನಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಲಿ. ಟೈಮ್‌ಶೀಟಿನ ಫೋಟೋ ಪ್ರತಿ ತಿಂಗಳು ಮನೆಗೆ ಕಳಿಸುವ ಅಭ್ಯಾಸವಾಗಲಿ. ರಾಯಭಾರ ಕಚೇರಿಗೆ ದೂರು ಕೊಡುವ ಮದದ್ ಪೋರ್ಟಲ್ 2015ರಿಂದ ಇದೆ, ಸಂಕಷ್ಟದಲ್ಲಿರುವವರ ಕಾನೂನು ನೆರವಿಗೂ ಬಳಸಬಹುದಾದ ಸಮುದಾಯ ಕಲ್ಯಾಣ ನಿಧಿ 2009ರಿಂದ ಇದೆ ಎಂಬುದು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ. ಅರ್ಥವಾಗದ ಹಾಳೆಗೆ ಸಹಿ ಹಾಕುವುದಿಲ್ಲ ಎಂಬ ಒಂದೇ ಒಂದು ವಾಕ್ಯವನ್ನು ಅರಬ್ಬಿಯಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸಿ. ಅದನ್ನು ಯಾವ ದನಿಯಲ್ಲಿ ಬೇಕಾದರೂ ಹೇಳಿಕೊಳ್ಳಲಿ.